ಆಮೇಲೆ ಏನಾದ?

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಐಪಿಎಲ್ ಹರಾಜು ನಡೆಯಿತು. ಪೃಥ್ವಿ ಶಾ ಹೆಸರು ಕರೆದರು. ಮೂಲಬೆಲೆ 75 ಲಕ್ಷ. ಹತ್ತು ತಂಡಗಳ ಟೇಬಲ್ಲಿನಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಅವತ್ತು ಫೋನ್ ತೆಗೆದರೆ ಎಲ್ಲಿ ನೋಡಿದರೂ ಅದೇ ಮಾತು. ‘ಹಾಳಾಗಿ ಹೋದ’, ‘ಟ್ಯಾಲೆಂಟ್ ಎಲ್ಲಾ ವೇಸ್ಟು’, ‘ಇವನೇ ಅಲ್ವಾ ಮುಂದಿನ ಸಚಿನ್ ಅಂದಿದ್ದು?’ ಹುಡುಗನಿಗೆ ಆಗ ಬರೀ 25 ವರ್ಷ. ಅಷ್ಟರೊಳಗೆ ಅಂಡರ್-19 ವಿಶ್ವಕಪ್ ಗೆದ್ದ ತಂಡಕ್ಕೆ ಕ್ಯಾಪ್ಟನ್ ಆಗಿದ್ದ. 2018ರಲ್ಲಿ ರಾಜ್‌ಕೋಟ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 134 ಹೊಡೆದಿದ್ದ. ನಮ್ಮ ಬೀದಿಯ ಯಾವನಾದರೂ ಇದರ ಕಾಲು ಭಾಗ ಮಾಡಿದ್ದರೆ ಅವನ ಹೆಸರನ್ನು ಒಂದು ಸರ್ಕಲ್ಲಿಗೆ ಇಡುತ್ತಿದ್ದೆವು. ಶಾ ವಿಷಯದಲ್ಲಿ ಮಾತ್ರ ಇದು ಸಾಲಲಿಲ್ಲ. ಯಾಕೆ ಅಂದರೆ ಅವನು 14ನೇ ವಯಸ್ಸಿನಲ್ಲಿ ಒಂದು ಶಾಲಾ ಪಂದ್ಯದಲ್ಲಿ 546 ರನ್ ಹೊಡೆದಿದ್ದ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಾ ಇದೆ. ಹೈಸ್ಕೂಲಿನಲ್ಲಿ ಊರಿಗೇ ಮೊದಲು ಬಂದ ಆಟಗಾರನ ಸುದ್ದಿ ಬಂದರೆ ಸಾಕು, ‘ಆಮೇಲೆ ಏನಾದ?’ ಅಂತ ಕೇಳಿಬಿಡ್ತೀವಿ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವನನ್ನು ‘ಯಾಕಪ್ಪಾ ರಾಮಾನುಜನ್ ಆಗಲಿಲ್ಲ’ ಅಂತ ಯಾರೂ ಕೇಳೋದಿಲ್ಲ. ಓಡಿದವನನ್ನು, ಆಡಿದವನನ್ನು ಮಾತ್ರ ಬಿಡೋದಿಲ್ಲ. ಪ್ರಶಸ್ತಿ ಕೊಟ್ಟಿದ್ದು ಆಗಿಹೋದ ಆಟಕ್ಕೆ, ಲೆಕ್ಕ ಕೇಳೋದು ಇನ್ನೂ ಆಡದೇ ಇರುವ ಆಟಕ್ಕೆ.

ಪೇಪರಿನಲ್ಲಿ ಹೆಸರು

ಶಾಲಾ ಕ್ರಿಕೆಟ್ ಅಂದರೆ ಮುಂಬೈ. ಬೆಂಗಳೂರಲ್ಲೂ ಇದೆ, ಇಲ್ಲ ಅಂತ ಅಲ್ಲ. ಆದರೆ ಹೈಸ್ಕೂಲ್ ಹುಡುಗರ ಸ್ಕೋರನ್ನು ಒಂದು ನಗರ ಶತಮಾನದಿಂದ ಇಷ್ಟು ಗಂಭೀರವಾಗಿ ಓದಿಕೊಂಡು ಬಂದಿರೋದು ಅಲ್ಲೇ. ಹ್ಯಾರಿಸ್ ಶೀಲ್ಡ್ ಅನ್ನೋ ಶಾಲಾ ಟೂರ್ನಿ ಶುರುವಾಗಿದ್ದು 1896ರಲ್ಲಿ, ಇನ್ನೂ ಚಿಕ್ಕವರಿಗಾಗಿ ಗೈಲ್ಸ್ ಶೀಲ್ಡ್ 1901ರಲ್ಲಿ. ರಣಜಿ ಟ್ರೋಫಿಗಿಂತ ದಶಕಗಳಷ್ಟು ಹಳೆಯವು. ಆಜಾದ್ ಮೈದಾನಕ್ಕೆ ಹೋಗಿ ನೋಡಿ. ಒಂದರ ಪಕ್ಕ ಒಂದು ಪಿಚ್. ಈ ಪಂದ್ಯದ ಕವರ್ ಫೀಲ್ಡರ್ ಆ ಪಂದ್ಯದ ಅಂಪೈರ್ ಬೆನ್ನಿಗೆ ಬೆನ್ನು ತಾಗಿಸಿಕೊಂಡು ನಿಂತಿರುತ್ತಾನೆ. ಅಂಥ ಗದ್ದಲದಲ್ಲಿ ಒಬ್ಬ ಹುಡುಗ ಎದ್ದು ಕಾಣಬೇಕು ಅಂದರೆ ಒಂದೇ ದಾರಿ. ರನ್ ಹೊಡೀಬೇಕು, ಮರುದಿನ ಪೇಪರಿನಲ್ಲಿ ಹೆಸರು ಬರಬೇಕು.

ಈ ಪೇಪರಿನ ಹುಚ್ಚು ಎಷ್ಟಿತ್ತು ಅನ್ನೋದಕ್ಕೆ ಸಚಿನ್ ತಾನೇ ಹೇಳಿಕೊಂಡ ಪ್ರಸಂಗವೊಂದಿದೆ. ಶಾಲೆಯ ಪರ ಆಡಿದ ಮೊದಲ ಪಂದ್ಯದಲ್ಲಿ ಅವನು 24 ಹೊಡೆದಿದ್ದ. ಕನಿಷ್ಠ 30 ಹೊಡೆದವರ ಹೆಸರು ಮಾತ್ರ ಅಚ್ಚಾಗುತ್ತಿತ್ತು. ಎಕ್ಸ್‌ಟ್ರಾಗಳಿಂದ ಆರು ರನ್ ಎತ್ತಿ ಇವನ ಲೆಕ್ಕಕ್ಕೆ ಹಾಕೋಣ, ತಂಡದ ಮೊತ್ತವೇನೂ ಬದಲಾಗೋದಿಲ್ಲವಲ್ಲ ಅಂದ ಸ್ಕೋರರ್. ಹುಡುಗ ಹೂಂ ಅಂದ. ಮರುದಿನ ಪೇಪರಿನಲ್ಲಿ ಹೆಸರು ಬಂತು. ಕೋಚ್ ರಮಾಕಾಂತ್ ಅಚ್ರೇಕರ್ ಅದನ್ನು ನೋಡಿ ಸರಿಯಾಗಿ ಬೈದರು. ಹೊಡೆಯದ ರನ್ ನಿನಗೆ ಯಾಕೆ ಬೇಕು ಅಂತ.

ನನಗೆ ಈ ಕಥೆಯಲ್ಲಿ ಆಸಕ್ತಿ ಇರೋದು ಬೈಗುಳದ ಬಗ್ಗೆ ಅಲ್ಲ, ಆ ಸ್ಕೋರರ್ ಬಗ್ಗೆ. ಅವನಿಗೆ ಇದರಿಂದ ಏನೂ ಸಿಗೋದಿಲ್ಲ. ಆದರೂ ಒಬ್ಬ ಚಿಕ್ಕ ಹುಡುಗನ ಹೆಸರು ಪೇಪರಿನಲ್ಲಿ ಬರಲಿ ಅಂತ ಅವನಿಗೇ ಅನ್ನಿಸಿದೆ. ಊರಿಗೆ ಒಬ್ಬ ಸ್ಟಾರ್ ಬೇಕಾಗಿರುತ್ತಾನೆ. ಹುಡುಗನಿಗಿಂತ ಜಾಸ್ತಿ ಅವಸರ ಊರಿಗೆ.

ಅದೇ ಕಾಲದ ಇನ್ನೊಂದು ಸಂಗತಿ. ಬಾಂಬೆ ಕ್ರಿಕೆಟ್ ಸಂಸ್ಥೆ ಪ್ರತಿವರ್ಷ ಅತ್ಯುತ್ತಮ ಜೂನಿಯರ್ ಆಟಗಾರನಿಗೆ ಪ್ರಶಸ್ತಿ ಕೊಡುತ್ತಿತ್ತು. 1987ರಲ್ಲಿ ಅದು ಸಚಿನ್‌ಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಬರಲಿಲ್ಲ. ಹುಡುಗ ಪೆಚ್ಚಾದ. ಆಗ ಸುನಿಲ್ ಗವಾಸ್ಕರ್ ಅವನಿಗೊಂದು ಕಾಗದ ಬರೆದರು. ಬೇಜಾರಾಗಬೇಡ, ಹಿಂದೆ ಈ ಪ್ರಶಸ್ತಿ ಪಡೆದವರ ಪಟ್ಟಿ ನೋಡು, ಅದರಲ್ಲಿ ಒಂದು ಹೆಸರು ಇರೋದಿಲ್ಲ, ಆ ಮನುಷ್ಯ ಟೆಸ್ಟ್‌ನಲ್ಲಿ ಅಂಥಾ ಕೆಟ್ಟದಾಗೇನೂ ಆಡಿಲ್ಲ ಅನ್ನೋ ಅರ್ಥದ ಕಾಗದ. ಅದೇ ವರ್ಷ ಮಾರ್ಚ್‌ನಲ್ಲಿ ಗವಾಸ್ಕರ್ ಅಹಮದಾಬಾದ್‌ನಲ್ಲಿ 10,000 ಟೆಸ್ಟ್ ರನ್ ದಾಟಿದ್ದರು, ಜಗತ್ತಿನಲ್ಲೇ ಮೊದಲಿಗರಾಗಿ. ಹಾಗಾಗಿ ತಮಾಷೆ ಮಾಡುವ ಹಕ್ಕು ಅವರಿಗಿತ್ತು.

ಎಲ್ಲರೂ ಇಷ್ಟಪಟ್ಟು ಹೇಳುವ ಕಥೆ ಇದು. ನನಗೂ ಇಷ್ಟ. ಆದರೆ ಆ ವರ್ಷ ಪ್ರಶಸ್ತಿ ಪಡೆದ ಹುಡುಗ ಈ ಕಥೆಯಲ್ಲಿ ಬರೋದೇ ಇಲ್ಲ ನೋಡಿ. ಬಾಂಬೆಯಂಥ ಊರಿನಲ್ಲಿ, ಸಚಿನ್ ಆಡುತ್ತಿದ್ದ ವರ್ಷದಲ್ಲಿ, ಅತ್ಯುತ್ತಮ ಜೂನಿಯರ್ ಅನ್ನಿಸಿಕೊಂಡ ಹುಡುಗ! ಅವನ ಮನೆಯಲ್ಲಿ ಅವತ್ತು ಸಿಹಿ ಮಾಡಿರುತ್ತಾರೆ. ಹೇಳುವವರಿಗೆ ಮಾತ್ರ ಅವನ ಹೆಸರೂ ಬೇಡ. ಪ್ರಶಸ್ತಿ ತಪ್ಪಿಸಿಕೊಂಡವನು ಮುಂದೆ ಏನಾದ ಅನ್ನೋದೇ ಮುಖ್ಯವಾಗಿ, ಪಡೆದವನು ಅಳಿಸಿಹೋಗಿದ್ದಾನೆ.

ಪ್ಯಾಡ್ ಕಟ್ಟಿ ಕೂತವನು

1988ರ ಫೆಬ್ರವರಿಯ ಆ ಪಂದ್ಯ ಎಲ್ಲರಿಗೂ ಗೊತ್ತು. ಹ್ಯಾರಿಸ್ ಶೀಲ್ಡ್ ಸೆಮಿಫೈನಲ್. ಸಚಿನ್ ಶಾಲೆ ಶಾರದಾಶ್ರಮ ವಿದ್ಯಾಮಂದಿರ, ಎದುರಿಗೆ ಸೇಂಟ್ ಕ್ಸೇವಿಯರ್ಸ್. ವಿನೋದ್ ಕಾಂಬ್ಳಿ 349, ಸಚಿನ್ 326, ಇಬ್ಬರೂ ನಾಟೌಟ್. ಮೂರನೇ ವಿಕೆಟ್ಟಿಗೆ ಮುರಿಯದ 664. ಸ್ಕೋರ್ 748ಕ್ಕೆ 2. ಸಹಾಯಕ ಕೋಚ್ ಬೌಂಡರಿ ಆಚೆಯಿಂದ ಡಿಕ್ಲೇರ್ ಮಾಡ್ರೋ ಅಂತ ಕೈ ಬೀಸುತ್ತಿದ್ದರೆ ಇಬ್ಬರೂ ಆ ಕಡೆ ತಲೆಯೇ ತಿರುಗಿಸಲಿಲ್ಲ. ಕೊನೆಗೆ ಅಚ್ರೇಕರ್ ಫೋನಿನಲ್ಲೇ ಗದರಿದ ಮೇಲೆ ಡಿಕ್ಲೇರ್ ಆಯಿತು ಅಂತ ಕಥೆ. ಇಷ್ಟು ಸಾಲದು ಅಂತ ಕಾಂಬ್ಳಿ ಬೌಲಿಂಗಿಗೆ ಬಂದು ಆರು ವಿಕೆಟ್ ಕಿತ್ತ. ಕ್ಸೇವಿಯರ್ಸ್ 145ಕ್ಕೆ ಆಲೌಟ್.

ಈ ಪಂದ್ಯವನ್ನು ಹೇಳುವಾಗ ಕಣ್ಣು ಆ ಇಬ್ಬರ ಮೇಲೇ ಇರುತ್ತದೆ. ಸ್ವಲ್ಪ ಆಚೆ ನೋಡೋಣ. ಮುಂದಿನ ಬ್ಯಾಟ್ಸ್‌ಮನ್ ಅಮೋಲ್ ಮಜುಂದಾರ್, 13 ವರ್ಷದ ಹುಡುಗ. ಪ್ಯಾಡ್ ಕಟ್ಟಿಕೊಂಡು ಟೆಂಟ್‌ನಲ್ಲಿ ಕೂತವನು ಕೂತೇ ಇದ್ದ. ಎರಡನೇ ದಿನವೂ ಕೂತ. ಬ್ಯಾಟಿಂಗ್ ಬರಲೇ ಇಲ್ಲ. ಫೆಬ್ರವರಿಯ ಮುಂಬೈ ಬಿಸಿಲಿನಲ್ಲಿ ಪ್ಯಾಡಿನ ಪಟ್ಟಿ ಮೊಣಕಾಲಿನ ಹಿಂದೆ ಕೊಯ್ಯುವುದು ಹೇಗಿರುತ್ತದೆ ಅಂತ ಕಟ್ಟಿದವರಿಗೆ ಗೊತ್ತು. ಬಿಚ್ಚುವ ಹಾಗಿಲ್ಲ, ಯಾವ ಬಾಲಿಗೆ ಯಾರು ಔಟಾಗುತ್ತಾರೋ. ಇನ್ನು ಎದುರಾಳಿಗಳು. ಎರಡು ದಿನ ಬೌಂಡರಿಯಿಂದ ಚೆಂಡು ಹೆಕ್ಕಿ ತಂದ ಆ ಹನ್ನೊಂದು ಹುಡುಗರು ಸುಮ್ನೆ ಬಂದವರಲ್ಲ. ಅವರೂ ಸೆಮಿಫೈನಲ್ ತನಕ ಬಂದ ತಂಡ. ಅವರಲ್ಲೊಬ್ಬ ಲೆಗ್‌ಸ್ಪಿನ್ನರ್ ಸಾಯಿರಾಜ್ ಬಹುತುಳೆ. ಅವತ್ತು ಹಾಗೆ ಹೊಡೆಸಿಕೊಂಡವನೇ ಮುಂದೆ ಮುಂಬೈಗೆ ವರ್ಷಗಟ್ಟಲೆ ಆಡಿದ, ಭಾರತಕ್ಕೂ ಆಡಿದ.

ಕಾಂಬ್ಳಿಯನ್ನು ನೋಡಿ. 17 ಟೆಸ್ಟ್, ಸರಾಸರಿ 54ರ ಮೇಲೆ, ಬೆನ್ನು ಬೆನ್ನಿಗೆ ಎರಡು ದ್ವಿಶತಕ. 23ಕ್ಕೇ ಟೆಸ್ಟ್ ಬದುಕು ಮುಗಿಯಿತು. ಯಾಕೆ ಮುಗಿಯಿತು ಅನ್ನೋದಕ್ಕೆ ನೂರು ಕಾರಣ ಹೇಳುತ್ತಾರೆ, ಕೆಲವು ನಿಜವೂ ಇರಬಹುದು. ಆದರೆ 54 ಸರಾಸರಿಯವನನ್ನು ‘ಸೋತವನು’ ಅಂತ ಕರೆಯೋಕೆ ಸಾಧ್ಯವಾಗಿರೋದು ಒಂದೇ ಕಾರಣಕ್ಕೆ. 664ರಲ್ಲಿ ಇನ್ನೊಂದು ತುದಿಯಲ್ಲಿ ನಿಂತಿದ್ದವನು ಯಾರು ಅನ್ನೋದಕ್ಕೆ. ಅವತ್ತು ಜಾಸ್ತಿ ಹೊಡೆದಿದ್ದು ಕಾಂಬ್ಳಿಯೇ ಅನ್ನೋದು ಹೆಚ್ಚು ಕಮ್ಮಿ ಎಲ್ಲರಿಗೂ ಮರೆತೇ ಹೋಗಿದೆ.

ಆ ದಾಖಲೆ ಈಗ ದಾಖಲೆಯಲ್ಲ ಅನ್ನೋದೂ ಎಷ್ಟು ಜನಕ್ಕೆ ಗೊತ್ತು? 2006ರಲ್ಲಿ ಹೈದರಾಬಾದ್‌ನ ಇಬ್ಬರು ಹುಡುಗರು, ಮನೋಜ್ ಕುಮಾರ್ ಮತ್ತು ಶೈಬಾಜ್ ತುಂಬಿ, ಶಾಲಾ ಪಂದ್ಯದಲ್ಲಿ 721 ರನ್ನಿನ ಜೊತೆಯಾಟ ಆಡಿದರು. ಇಬ್ಬರದೂ ತ್ರಿಶತಕ. ಸಂಖ್ಯೆಯಲ್ಲಿ ಸಚಿನ್-ಕಾಂಬ್ಳಿಗಿಂತ ದೊಡ್ಡದು. ನೆನಪಿನಲ್ಲಿ ಉಳಿದಿರೋದು ಚಿಕ್ಕದೇ.

ಕಲ್ಯಾಣದ 1009

2016ರ ಜನವರಿಯಲ್ಲಿ ಮುಂಬೈ ಪಕ್ಕದ ಕಲ್ಯಾಣದಲ್ಲಿ ಪ್ರಣವ್ ಧನಾವಡೆ ಅನ್ನೋ ಹುಡುಗ ಒಂದು ಶಾಲಾ ಪಂದ್ಯದಲ್ಲಿ ಸಾವಿರದ ಒಂಬತ್ತು ಹೊಡೆದಾಗ ನಮ್ಮ ಆಫೀಸಿನಲ್ಲಿ ಕೆಲಸ ನಿಂತಿತ್ತು. 327 ಬಾಲ್, 129 ಫೋರ್, 59 ಸಿಕ್ಸ್. ತಂಡದ ಮೊತ್ತ 1465. 1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜ್ ಅನ್ನೋ ಶಾಲೆಯಲ್ಲಿ ಎ.ಇ.ಜೆ. ಕಾಲಿನ್ಸ್ ಅನ್ನೋ 13ರ ಹುಡುಗ ಹೊಡೆದಿದ್ದ 628, ನೂರಾ ಹದಿನಾರು ವರ್ಷ ಯಾರಿಗೂ ಸಿಗದೆ ಉಳಿದಿದ್ದದ್ದು, ಒಂದೇ ಪಂದ್ಯದಲ್ಲಿ ಎಲ್ಲೋ ಹಿಂದೆ ಉಳಿಯಿತು. ಅಪ್ಪ ಆಟೋ ಓಡಿಸುವವರು ಅಂತ ಗೊತ್ತಾದ ಮೇಲಂತೂ ಟಿವಿಯವರಿಗೆ ಹಬ್ಬ. ಸಚಿನ್ ತಮ್ಮ ಸಹಿ ಹಾಕಿದ ಬ್ಯಾಟ್ ಕಳಿಸಿದರು.

ಮರುದಿನದಿಂದಲೇ ತಕರಾರು ಶುರು. ಬೌಂಡರಿ ಚಿಕ್ಕದಿತ್ತು, ಎದುರಾಳಿ ಶಾಲೆಯವರು ಚಿಕ್ಕ ಮಕ್ಕಳನ್ನು ಕಳಿಸಿದ್ದರು, ಇದು ಕ್ರಿಕೆಟ್ಟೇ ಅಲ್ಲ ಅಂತ. ಎದುರಾಳಿ ಹುಡುಗರು ತೀರಾ ಚಿಕ್ಕವರು, ಆಟ ಸಮಬಲದ್ದಾಗಿರಲಿಲ್ಲ ಅನ್ನೋದು ನಿಜ. ಆ ಪಂದ್ಯವನ್ನು ದೊಡ್ಡವರು ಯಾರಾದರೂ ನಿಲ್ಲಿಸಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಮೊದಲ ಇನಿಂಗ್ಸ್‌ನಲ್ಲಿ 31ಕ್ಕೆ ಆಲೌಟಾದ ಮಕ್ಕಳ ಮೇಲೆ ಸಾವಿರದ ನಾನೂರು ಚಿಲ್ಲರೆ ಹೊಡೆಯೋದಕ್ಕೆ ಬಿಡೋದು ಕೋಚುಗಳ ತಪ್ಪು, ಅಂಪೈರುಗಳ ತಪ್ಪು. ಆದರೆ 15 ವರ್ಷದ ಹುಡುಗನ ಕೆಲಸ ಬಂದ ಚೆಂಡು ಹೊಡೆಯೋದು. ಅವನು ಹೊಡೆದ.

ಮುಂಬೈ ಕ್ರಿಕೆಟ್ ಸಂಸ್ಥೆ ಐದು ವರ್ಷಕ್ಕೆ ಅಂತ ತಿಂಗಳಿಗೆ 10,000 ರೂಪಾಯಿ ಸ್ಕಾಲರ್‌ಶಿಪ್ ಘೋಷಿಸಿತು. ಮರುವರ್ಷ, 2017ರಲ್ಲಿ, ಹುಡುಗನ ಫಾರ್ಮ್ ಹೋಯಿತು. ಆಗ ಅಪ್ಪ ಸಂಸ್ಥೆಗೆ ಪತ್ರ ಬರೆದು, ಮಗ ಈಗ ಸರಿಯಾಗಿ ಆಡುತ್ತಿಲ್ಲ, ಸ್ಕಾಲರ್‌ಶಿಪ್ ನಿಲ್ಲಿಸಿ, ಚೆನ್ನಾಗಿ ಆಡಿದರೆ ಆಮೇಲೆ ನೋಡೋಣ ಅಂತ ಕೇಳಿಕೊಂಡರು. ಆ ಸುದ್ದಿ ಓದಿ ಸಂಕಟ ಆಯಿತು. ಆಟೋ ಓಡಿಸುವವರಿಗೆ ತಿಂಗಳಿಗೆ ಹತ್ತು ಸಾವಿರ ಸಣ್ಣ ದುಡ್ಡಲ್ಲ. ಕೊಟ್ಟವರು ವಾಪಸ್ ಕೇಳಿರಲಿಲ್ಲ. ಆದರೂ ಅಪ್ಪನಿಗೆ ಅದು ಸಾಲದ ಹಾಗೆ ಕಂಡಿದೆ. ಜನ ಏನಂದುಕೊಳ್ಳುತ್ತಾರೆ ಅನ್ನೋದು ಅಷ್ಟು ಭಾರ ಆಗಿದೆ. ಅಪ್ಪನ ಸ್ವಾಭಿಮಾನವನ್ನು ಆಗ ಬಹಳ ಜನ ಹೊಗಳಿದರು. ನನಗೆ ಹೊಗಳಲು ಆಗಲಿಲ್ಲ. ಹೊಡೆದಿದ್ದ ರನ್ನಿಗೆ ಕೊಟ್ಟ ದುಡ್ಡು ಅದು. ಯಾಕೆ ವಾಪಸ್ ಕೊಡಬೇಕು?

ಕಾಲಿನ್ಸ್ ವಿಷಯ ಅರ್ಧಕ್ಕೇ ಬಿಟ್ಟೆ. ಅವನು ಮುಂದೆ ಸೈನ್ಯ ಸೇರಿದ. ಫಸ್ಟ್‌ಕ್ಲಾಸ್ ಕ್ರಿಕೆಟ್ ಆಡಲೇ ಇಲ್ಲ. 1914ರ ನವೆಂಬರ್‌ನಲ್ಲಿ ಈಪ್ರ್‌ ಅನ್ನೋ ಬೆಲ್ಜಿಯಂ ಊರಿನ ಬಳಿ ಮೊದಲ ಮಹಾಯುದ್ಧದಲ್ಲಿ ಸತ್ತ. ಅವನನ್ನು ಯಾರೂ ‘ವೇಸ್ಟ್’ ಅನ್ನಲಿಲ್ಲ. ಶಾಲೆಯ ಆಟ ಶಾಲೆಯ ಆಟವಾಗಿಯೇ ಉಳಿಯಬಹುದಾಗಿದ್ದ ಕಾಲವೊಂದಿತ್ತು ಅನ್ನಿಸುತ್ತದೆ.

ಮೂರನೇ ಸಲ

ಒಂದು ಸಲ ಗೆದ್ದರೆ ಆಶ್ಚರ್ಯ. ಎರಡನೇ ಸಲ ಗೆದ್ದರೆ ‘ಗೊತ್ತಿತ್ತು ಬಿಡು’. ಮೂರನೇ ಸಲಕ್ಕೆ ಗೆಲ್ಲೋದಕ್ಕೆ ಏನೂ ಉಳಿದಿರೋದಿಲ್ಲ, ಸೋಲೋದಕ್ಕೆ ಮಾತ್ರ ಜಾಗ ಇರುತ್ತದೆ. ಅಮೆರಿಕದ ಲೆಬ್ರಾನ್ ಜೇಮ್ಸ್ 2001ರಿಂದ 2003ರ ತನಕ ಸತತ ಮೂರು ವರ್ಷ ಒಹಾಯೋ ರಾಜ್ಯದ ಹೈಸ್ಕೂಲ್ ಹುಡುಗರಲ್ಲಿ ‘ಮಿಸ್ಟರ್ ಬ್ಯಾಸ್ಕೆಟ್‌ಬಾಲ್’ ಆಗಿ, ಆಮೇಲೂ ಗೆದ್ದುಬಿಟ್ಟ. ಅಂಥವನೊಬ್ಬ ಇರೋದರಿಂದಲೇ ಉಳಿದ ಸಾವಿರ ಮಕ್ಕಳಿಗೆ ಆ ಪ್ರಶ್ನೆ ಕೇಳೋದು ನ್ಯಾಯ ಅನ್ನಿಸಿಬಿಡುತ್ತದೆ.

ನಾನು ಹತ್ತಿರದಿಂದ ನೋಡಿದ ಮೂರನೇ ಸಲದ ಗೆಲುವು ಮುಂಬೈಯದ್ದಲ್ಲ, ನಮ್ಮ ತಾಲ್ಲೂಕಿನದ್ದು. ನನಗಿಂತ ಎರಡು ಕ್ಲಾಸ್ ಮುಂದಿದ್ದ ಅಕ್ಕ ಒಬ್ಬರು ಎಂಟು, ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕು ಕ್ರೀಡಾಕೂಟದ ವೈಯಕ್ತಿಕ ಚಾಂಪಿಯನ್. ಇನ್ನೂರು, ನಾನೂರು ಮೀಟರ್ ಓಟ, ಲಾಂಗ್ ಜಂಪ್. ಮೂರರಲ್ಲೂ ಫಸ್ಟ್. ಫಸ್ಟಿಗೆ ಐದು, ಸೆಕೆಂಡಿಗೆ ಮೂರು, ಥರ್ಡಿಗೆ ಒಂದು ಪಾಯಿಂಟ್. ಅವರದ್ದು ಯಾವಾಗಲೂ ಹದಿನೈದಕ್ಕೆ ಹದಿನೈದು. ಬರಿಗಾಲು. ಸ್ಕರ್ಟಿನ ಒಳಗೆ ಅಣ್ಣನ ಚಡ್ಡಿ. ಲೈನಿಗೆ ಬರೋ ಮೊದಲು ಹಿಮ್ಮಡಿಯ ಬಿರುಕಿಗೆ ಮಣ್ಣು ತುಂಬಿಸಿಕೊಳ್ಳುತ್ತಿದ್ದರು. ಉರಿ ಕಮ್ಮಿ ಆಗುತ್ತೆ ಅಂತೆ.

ಹತ್ತನೇ ಕ್ಲಾಸಿನ ವರ್ಷ ಪಕ್ಕದ ಹೋಬಳಿಯಿಂದ ಒಬ್ಬ ಹೊಸ ಹುಡುಗಿ ಬಂದಿದ್ದಳು. ಉದ್ದ ಕಾಲಿನವಳು. ನಾನೂರು ಮೀಟರ್‌ನಲ್ಲಿ ಕೊನೆಯ ತಿರುವಿನ ತನಕ ಜೊತೆಗೇ ಇದ್ದು, ಆಮೇಲೆ ಸಲೀಸಾಗಿ ಮುಂದೆ ಹೋಗಿಬಿಟ್ಟಳು. ಸುಣ್ಣದ ಗೆರೆ ದಾಟಿದ ಅಕ್ಕ ನಿಲ್ಲಲಿಲ್ಲ, ಹಾಗೇ ಓಡುತ್ತಾ ಹೋಗಿ ಬೇಲಿ ಹತ್ತಿರ ನಿಂತರು. ಉಳಿದೆರಡರಲ್ಲಿ ಫಸ್ಟ್ ಬಂದಿದ್ದರಿಂದ ಒಟ್ಟು ಹದಿಮೂರು ಪಾಯಿಂಟ್. ಆ ಹುಡುಗಿಗೆ ಹನ್ನೊಂದು. ಅಂದರೆ ಮೂರನೇ ಸಲವೂ ಇವರೇ ಚಾಂಪಿಯನ್. ಮೈಕಿನಲ್ಲಿ ಹೆಸರು ಕೂಗಿದರು, ಸ್ಟೀಲ್ ತಟ್ಟೆ, ಶೀಲ್ಡು, ಎಲ್ಲ ಕೊಟ್ಟರು. ಇಳಿದು ಬಂದವರಿಗೆ ನಮ್ಮ ಪಿಟಿ ಮೇಷ್ಟ್ರು ಹೇಳಿದ ಮಾತು: ‘ಏನಮ್ಮ, ಈ ಸಲ ಸೋತ್ಬಿಟ್ಟೆ.’ ಕೈಯಲ್ಲಿ ಶೀಲ್ಡ್ ಇತ್ತು. ಅವರು ಹೂಂ ಸಾರ್ ಅಂದರು.

ಆ ಉದ್ದ ಕಾಲಿನ ಹುಡುಗಿಯ ಬಗ್ಗೆಯೂ ಯೋಚಿಸಿದ್ದೇನೆ. ಆ ವಯಸ್ಸಿನಲ್ಲಿ ಮೊದಲು ಬೆಳೆದವರು ಮೊದಲು ಗೆಲ್ಲುತ್ತಾರೆ. ನಮ್ಮ ಕ್ರಿಕೆಟ್‌ನಲ್ಲಿ ವಯಸ್ಸಿನ ಲೆಕ್ಕ ಸೆಪ್ಟೆಂಬರ್ 1ರಿಂದ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವನೂ ಆಗಸ್ಟ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು, ನಡುವೆ ಹೆಚ್ಚು ಕಮ್ಮಿ ಒಂದು ವರ್ಷದ ಮೂಳೆ. ಹದಿಮೂರರಲ್ಲಿ ಒಂದು ವರ್ಷ ಅಂದರೆ ಒಂದು ಗೇಣು ಎತ್ತರ. ಹೀಗಿರುವಾಗ ಸರ್ಟಿಫಿಕೇಟಿನಲ್ಲೇ ಒಂದೆರಡು ವರ್ಷ ಇಳಿಸಿಬಿಟ್ಟರೆ? ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡಲು ಶುರು ಮಾಡಿದ್ದು ಸುಮ್ನೆ ಅಲ್ಲ. 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡುವಾಗ ನಮ್ಮ ರಾಹುಲ್ ದ್ರಾವಿಡ್ ಈ ವಯಸ್ಸು ತಿದ್ದುವ ರೋಗದ ಬಗ್ಗೆ ಖಾರವಾಗಿಯೇ ಮಾತಾಡಿದ್ದರು. ದೊಡ್ಡವರೇ ಮಗುವಿಗೆ ಸುಳ್ಳು ಕಲಿಸುತ್ತಿದ್ದೇವೆ ಅನ್ನೋ ಧಾಟಿಯಲ್ಲಿ. ಮರುವರ್ಷ ಬಿಸಿಸಿಐ ಒಬ್ಬ ಹುಡುಗನಿಗೆ ಒಂದೇ ಅಂಡರ್-19 ವಿಶ್ವಕಪ್ ಅಂತ ನಿಯಮ ತಂದಿತು. ಅದೇ ಪ್ರಶಸ್ತಿಯ ಸುತ್ತ ಮತ್ತೆ ಮತ್ತೆ ಸುತ್ತಬೇಡಿ, ಮುಂದೆ ನಡೀರಿ ಅಂತ. ನನಗೆ ಇದು ಒಳ್ಳೆಯ ನಿಯಮ ಅನ್ನಿಸುತ್ತದೆ.

ಅಕ್ಕನ ವಿಷಯ. ಅವರು ಜಿಲ್ಲಾ ಮಟ್ಟಕ್ಕೆ ಹೋಗಿ ಬಂದರು, ಪಿಯುಸಿ ಮಾಡಿದರು, ಓಟ ಅಲ್ಲಿಗೆ ನಿಂತಿತು. ಈಗ ಕೆಂಪು ಬಸ್ಸಿನಲ್ಲಿ ಕಂಡಕ್ಟರ್. ಹೋದ ವರ್ಷ ಊರಿಗೆ ಹೋಗುವಾಗ ಅವರದೇ ಬಸ್ಸು ಸಿಕ್ಕಿತು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ. ಟಿಕೆಟ್ ಮುಗಿಸಿ ಬಂದು ಪಕ್ಕದಲ್ಲಿ ನಿಂತರು. ಅದೂ ಇದೂ ಮಾತಾದ ಮೇಲೆ ನನ್ನ ಬಾಯಿಗೂ ಅದೇ ಪ್ರಶ್ನೆ ಬಂತು.

‘ಅಕ್ಕಾ, ರನ್ನಿಂಗ್ ಬಿಟ್ಟೇಬಿಟ್ರಾ?’

‘ಬಿಡದೇನ್ ಬಂತೋ? ಮುಗೀತು. ಎಸ್ಸೆಸ್ಸೆಲ್ಸಿ ಮುಗೀಲಿಲ್ವಾ, ಹಂಗೆ.’

‘ಅಲ್ಲ, ಮುಂದುವರಿಸಿದ್ರೆ...’

‘ಮುಂದುವರಿಸಿದ್ರೆ ಏನಾಗದು? ನೀನು ಎಸ್ಸೆಸ್ಸೆಲ್ಸಿಲಿ ಕನ್ನಡದಲ್ಲಿ ಫಸ್ಟ್ ಬಂದಿದ್ಯಂತೆ. ಪಂಪ ಆದ್ಯಾ?’ ಅಂತ ನಕ್ಕು, ‘ಮೂರು ವರ್ಷ ಈ ತಾಲ್ಲೂಕಲ್ಲಿ ನನ್ನ ಮುಂದೆ ಯಾರೂ ಇರ್ಲಿಲ್ಲ ಕಣೋ’ ಅಂದರು. ಅಷ್ಟರಲ್ಲಿ ಸ್ಟಾಪ್ ಬಂತು. ಅವರು ಹಿಂದಿನ ಬಾಗಿಲಿಗೆ ಹೋಗಿ ಒಂದು ಮೂಟೆ ತೊಂಡೆಕಾಯಿಗೆ ಲಗೇಜು ಹಾಕಬೇಕೋ ಬೇಡವೋ ಅಂತ ಒಬ್ಬ ಯಜಮಾನರ ಜೊತೆ ಜಗಳಕ್ಕೆ ನಿಂತರು.

ನಾನೂರು ಮೀಟರ್‌ನಲ್ಲಿ ಸೆಕೆಂಡ್ ಬಂದಿದ್ದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದವನು ನಾನು.

ಕಾದವನ ಕಥೆ

ಅಮೋಲ್ ಮಜುಂದಾರ್ ಕಡೆ ಮತ್ತೆ ಬರಬೇಕು. ಅವನು 1993-94ರಲ್ಲಿ ಮುಂಬೈ ಪರ ಮೊದಲ ರಣಜಿ ಪಂದ್ಯದಲ್ಲೇ ಹರಿಯಾಣದ ಮೇಲೆ 260 ಹೊಡೆದ. ಫಸ್ಟ್‌ಕ್ಲಾಸ್ ಪದಾರ್ಪಣೆಯಲ್ಲಿ ಆಗ ಅದು ವಿಶ್ವದಾಖಲೆ. ಆಮೇಲೆ 2013ರ ತನಕ ಆಡಿದ. 171 ಪಂದ್ಯ, 11,167 ರನ್, 30 ಶತಕ. ಮುಂಬೈಗೆ ಕ್ಯಾಪ್ಟನ್ ಆಗಿ ರಣಜಿ ಗೆದ್ದ. ಅಸ್ಸಾಂಗೆ ಆಡಿದ, ಆಂಧ್ರಕ್ಕೆ ಆಡಿದ. ಭಾರತಕ್ಕೆ ಒಂದೂ ಪಂದ್ಯ ಇಲ್ಲ. ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಅನ್ನೋ ಹೆಸರುಗಳು ಅದೇ ಕಾಲದಲ್ಲಿ ಇದ್ದವಲ್ಲ. ಬೇರೆ ದಶಕದಲ್ಲಿ ಹುಟ್ಟಿದ್ದರೆ ಕಥೆಯೇ ಬೇರೆ.

2023ರಲ್ಲಿ ಮಜುಂದಾರ್ ಭಾರತದ ಮಹಿಳಾ ತಂಡಕ್ಕೆ ಕೋಚ್ ಆದರು. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ಆ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಕ್ಯಾಪ್ಟನ್ ಹರ್ಮನ್‌ಪ್ರೀತ್ ಕೌರ್ ಹೋಗಿ ಕೋಚ್ ಕಾಲಿಗೆ ಬಿದ್ದರು. ನೋಡುತ್ತಾ ನಮ್ಮ ಮನೆಯಲ್ಲೂ ಕಣ್ಣು ಒದ್ದೆ. ಮರುದಿನ ಎಲ್ಲ ಕಡೆ 1988ರ ಕಥೆ ಎದ್ದು ಬಂತು. ಪ್ಯಾಡ್ ಕಟ್ಟಿ ಕಾದ ಹುಡುಗನ ಸರದಿ ಮೂವತ್ತೇಳು ವರ್ಷದ ಮೇಲೆ ಬಂತು, ಕಾಯುವಿಕೆಗೆ ಕೊನೆಗೂ ಫಲ ಸಿಕ್ಕಿತು ಅಂತ. ಚೆನ್ನಾಗಿ ಬರೆದಿದ್ದರು, ಓದಿದರೆ ಮೈ ಜುಂ ಅನ್ನುತ್ತದೆ.

ಆದರೆ ಸ್ವಲ್ಪ ಲೆಕ್ಕ ಹಾಕಿ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಜೆಮಿಮಾ ರಾಡ್ರಿಗಸ್ ಆ 127 ಹೊಡೆಯದೇ ಹೋಗಿದ್ದರೆ? ತಂಡ ಅಲ್ಲೇ ಮನೆಗೆ ಬರುತ್ತಿತ್ತು, ನಮ್ಮ ಜನ ಆ ಟೆಂಟಿನ ಹುಡುಗನನ್ನು ‘ಅಲ್ಲೂ ಆಗಲಿಲ್ಲ, ಇಲ್ಲೂ ಆಗಲಿಲ್ಲ’ ಅಂತ ಬರೆದು ಮುಗಿಸುತ್ತಿದ್ದರು. ಮೂವತ್ತು ಶತಕ ಎಲ್ಲಿಗೆ ಹೋಗುತ್ತಿದ್ದವು? ಮೂವತ್ತೇಳು ವರ್ಷ ಕಾಯುತ್ತಾ ಕೂತಿದ್ದರಂತೆ! ಫರೀದಾಬಾದ್‌ನಿಂದ ಗುವಾಹಟಿ ತನಕ ಹೋದಲ್ಲೆಲ್ಲಾ ಕ್ರೀಸಿನಲ್ಲಿ ನಿಂತ ಮನುಷ್ಯನಿಗೆ ಕೂರೋದಕ್ಕೆ ಪುರುಸೊತ್ತಾದರೂ ಎಲ್ಲಿತ್ತು?